ಮೋಡಕ್ಕೂ ಬಾಯಾರಿಕೆ!

ಪುಣೆಯ ಸದಾಶಿವ ಪೇಠದ ಓಣಿಯಲ್ಲಿ ನಿಂತು ಒಂದು ಫೋಟೊ ತೆಗೆಯಿರಿ: ಹಳೆಯ ವಾಡೆಯ ಮರದ ಬಾಗಿಲು, ಪಕ್ಕದಲ್ಲಿ ಖಡಕ್ ಮಾತಿನ ಪುಣೇರಿ ಫಲಕ. ಅಫಜಲಪುರದ ಅಕ್ಕನಿಗೆ ಕಳಿಸಿ. ರೆಪ್ಪೆ ಬಡಿಯುವುದರೊಳಗೆ ಅದು ಅವಳ ಕೈಯಲ್ಲಿ! ಹೋದದ್ದು ಯಾವ ದಾರಿಯಲ್ಲಿ? 'ಕ್ಲೌಡ್' ಅನ್ನುತ್ತಾರೆ. ಮೋಡ! ತಲೆಯೆತ್ತಿದರೆ ಏಪ್ರಿಲ್ ಆಕಾಶದಲ್ಲಿ ಚೂರು ಮೋಡವೂ ಇಲ್ಲ.

ಹಾಗಾದರೆ ಕಾಲಡಿ ನೋಡಿ. ಹದಿನೆಂಟನೆಯ ಶತಮಾನದ ನಡುವೆ, ನಾನಾಸಾಹೇಬ ಪೇಶ್ವೆಯ ಕಾಲದಲ್ಲಿ, ಕಾತ್ರಜ್ ಕೆರೆಯ ನೀರು ನೆಲದೊಳಗಿನ ಕಾಲುವೆಯಲ್ಲಿ ಹರಿದು ಬಂದು ಪೇಠಗಳ ಹೌದ್‌ಗಳನ್ನು, ಅಂದರೆ ತೊಟ್ಟಿಗಳನ್ನು, ತುಂಬುತ್ತಿತ್ತು, ಶನಿವಾರವಾಡೆಯನ್ನೂ ಮುಟ್ಟುತ್ತಿತ್ತು. ಪಂಪಿಲ್ಲ, ಕರೆಂಟಿಲ್ಲ, ಇಳಿಜಾರೊಂದೇ ಬಲ! ಕೊಡ ಅದ್ದುವವರಿಗೆ ಕಾಣುತ್ತಿದ್ದುದು ತೊಟ್ಟಿ ಮಾತ್ರ. ಅದರ ಹಿಂದಿನ ಉದ್ದನೆಯ ಸುರಂಗವಲ್ಲ. ಮೊಬೈಲು ಹಿಡಿದ ನಾವೂ ಹಾಗೆಯೇ, ತೊಟ್ಟಿಯಷ್ಟೇ ಕಂಡವರು.

ಸುರಂಗದ ಆಚೆ ತುದಿಯಲ್ಲಿರುವುದು ಡೇಟಾ ಸೆಂಟರ್. ನಿಮ್ಮ ಫೋಟೊ ಯಾವುದರಲ್ಲಿ ಕೂತಿದೆಯೋ, ಆದರೆ ಅಂಥವು ಈ ಊರಲ್ಲೇ ಇವೆ! ದೊಡ್ಡ ಕಂಪ್ಯೂಟರ್‌ಗಳು ಪುಣೆಗೆ ಹೊಸತೂ ಅಲ್ಲ: 1991ರಲ್ಲಿ ಪರಮ್ 8000 ಸೂಪರ್ ಕಂಪ್ಯೂಟರ್ ಹುಟ್ಟಿದ್ದು ಇಲ್ಲಿನ ಸಿ-ಡ್ಯಾಕ್ ಸಂಸ್ಥೆಯಲ್ಲಿ. 2015ರಲ್ಲಿ ಮೈಕ್ರೋಸಾಫ್ಟ್ ಭಾರತದಲ್ಲಿ ಮೂರು ಕ್ಲೌಡ್ ವಲಯಗಳನ್ನು ತೆರೆದಾಗ 'ಸೆಂಟ್ರಲ್ ಇಂಡಿಯಾ' ಎಂಬುದರ ವಿಳಾಸ ಪುಣೆಯೇ. ಒಳಗೆ ಸಾಲು ಸಾಲು ಸರ್ವರ್‌ಗಳು, ಹಗಲಿಲ್ಲ, ರಾತ್ರಿಯಿಲ್ಲ. ಅವು ನುಂಗುವ ಒಂದೊಂದು ಯೂನಿಟ್ ಕರೆಂಟೂ ಕೊನೆಗೆ ಬರೀ ಬಿಸಿ!

ಆ ಬಿಸಿಯನ್ನು ಓಡಿಸುವುದು ಹೇಗೆ? ಎಷ್ಟೋ ಕಡೆ, ಅಜ್ಜಿಯ ಮಣ್ಣಿನ ಗಡಿಗೆಯ ಗುಟ್ಟಿನಿಂದ! ಗಡಿಗೆಯ ಮೈ ಬೆವರುತ್ತದೆ, ಬೆವರು ಆರುತ್ತದೆ, ಆರುವಾಗ ಶಾಖವನ್ನು ಹೊತ್ತೊಯ್ಯುತ್ತದೆ. ಕೂಲಿಂಗ್ ಟವರ್ ಮಾಡುವುದೂ ಇಷ್ಟೇ. ಕಾಗದ ತೆಗೆದು ಲೆಕ್ಕ ಹಾಕಿ: ಒಂದು ಯೂನಿಟ್ ಶಾಖ ಹೊರಲು ಸುಮಾರು ಒಂದೂವರೆ ಲೀಟರ್ ನೀರು ಆವಿಯಾಗಬೇಕು. ಒಂದು ಮೆಗಾವ್ಯಾಟ್ ಯಂತ್ರಗಳನ್ನು ಬರೀ ಹೀಗೆ ತಣಿಸಿದರೆ ದಿನಕ್ಕೆ ಸುಮಾರು 36,000 ಲೀಟರ್! ದೊಡ್ಡ ಕೇಂದ್ರಗಳ ಅಳತೆ ಹತ್ತಾರು ಮೆಗಾವ್ಯಾಟ್. ನೀರಿಲ್ಲದೆ ತಣಿಸುವ ದಾರಿಯೂ ಉಂಟು, ಆದರೆ ಅದಕ್ಕೆ ಕರೆಂಟು ಹೆಚ್ಚು. ಮಹಾರಾಷ್ಟ್ರದ ಕರೆಂಟಿನ ದೊಡ್ಡ ಪಾಲು ಕಲ್ಲಿದ್ದಲಿನದು. ಆ ಸ್ಥಾವರಗಳಿಗೂ ಹೊಗೆಯ ಜತೆ ನೀರಡಿಕೆ. 2024ರಲ್ಲಿ ಜಗತ್ತಿನ ವಿದ್ಯುತ್ತಿನಲ್ಲಿ ಸುಮಾರು 1.5% ಡೇಟಾ ಸೆಂಟರ್‌ಗಳ ಪಾಲಾಯಿತು ಎನ್ನುತ್ತದೆ ಅಂತರರಾಷ್ಟ್ರೀಯ ಇಂಧನ ಸಂಸ್ಥೆ. 2030ರ ಹೊತ್ತಿಗೆ ಆ ಬಳಕೆ ಎರಡು ಪಟ್ಟು ದಾಟಬಹುದಂತೆ.

ಈಗ ಪುಣೆಯ ಹೊಳೆಗಳ ನಕ್ಷೆ ಬಿಡಿಸಿ, ಬೆರಳಿಟ್ಟು ಬನ್ನಿ. ಪವನಾ ಮುಳೆಯನ್ನು ಸೇರುತ್ತದೆ, ಮುಳಾ ಪುಣೆಯಲ್ಲಿ ಮುಠೆಯನ್ನು ಕೂಡುತ್ತದೆ, ಮುಳಾ-ಮುಠಾ ಹೋಗಿ ಬೀಳುವುದು... ಭೀಮೆಗೆ! ಉಜನಿ ಅಣೆಕಟ್ಟು ದಾಟಿದರೆ ಮುಂದೆ ನಮ್ಮದೇ ವಿಜಯಪುರ, ಕಲಬುರಗಿ, ಕೊನೆಗೆ ಕೃಷ್ಣೆ. ಬಚ್ಚಲಿಗೆ ಹೋದ ನೀರು ಕೊಳೆಯಾಗಿಯಾದರೂ ಹೊಳೆಗೆ ಮರಳೀತು. ಆವಿಯಾದದ್ದು ಹೊಳೆಯ ಲೆಕ್ಕದಿಂದಲೇ ಹೋಯಿತು.

ಕಬ್ಬಿನ ಗದ್ದೆಗಳು ಕುಡಿಯುವುದರ ಮುಂದೆ ಡೇಟಾ ಸೆಂಟರ್‌ಗಳ ಈ ನೀರು ಬರೀ ಗುಟುಕು, ನಿಜ. ಆದರೆ ಕಬ್ಬಿನ ನೀರು ಕಾಲುವೆಯಲ್ಲಿ ಕಣ್ಣಿಗೆ ಕಾಣುತ್ತದೆ. ಮೋಡದ ಗುಟುಕು ಕಾಣುವುದಿಲ್ಲ. ಬೇಸಿಗೆಯಲ್ಲಿ ಬತ್ತಿದ ಭೀಮೆಯ ದಂಡೆಯಲ್ಲಿ ಉಜನಿಯತ್ತ ಕಣ್ಣಿಟ್ಟು ಕೂತ ಅಫಜಲಪುರದ ಅಕ್ಕನಿಗೆ ಫೋಟೊ ಆಗಲೇ ಮುಟ್ಟಿದೆ. ನೀರಿನ್ನೂ ಬರಬೇಕು.