ಐದು ಹಲ್ಲು, ಒಂದು ಒಡಪು

ಕಾರ್ತಿಕದ ಕೊನೆಯ ಸೋಮವಾರ. ಅರಸೀಕೆರೆಯಿಂದ ಜಾವಗಲ್ಲಿಗೆ ಹೋಗುವ ದಾರಿಯ ಬದಿಯಲ್ಲೊಂದು ಊರು. ತೆಂಗಿನ ತೋಟದ ನಡುವಿನ ಗುಡಿಯ ಮುಂದೆ ವೀರಗಾಸೆ ನಡೆದಿತ್ತು. ಕರಡೆಯೂ ಸಮಾಳವೂ ಪೈಪೋಟಿಗೆ ಬಿದ್ದು ಮೊಳಗುತ್ತಿದ್ದವು. ಎಪ್ಪತ್ತು ದಾಟಿದ ಹಿರಿಯರೊಬ್ಬರು ಖಡ್ಗವನ್ನು ಮೇಲಕ್ಕೆತ್ತಿದರು. ವಾದ್ಯ ಗಕ್ಕನೆ ನಿಂತಿತು. ಅವರು ಉಸಿರೆಳೆದುಕೊಂಡು ಒಡಪು ಶುರು ಮಾಡಬೇಕು, ಅಷ್ಟರಲ್ಲಿ ಹಿಂದಿನಿಂದ ಹುಡುಗನೊಬ್ಬ ಕೂಗಿದ: “ಮಾತು ಸಾಕು ತಾತ, ಬಾರಿಸಾಕೇಳಿ!”

ಅವರು ಎತ್ತಿದ ಖಡ್ಗ ಇಳಿಸಲಿಲ್ಲ. “ಮಾತಿಲ್ದೆ ಕುಣಿಯಾಕೆ ನಾವೇನು ಬ್ಯಾಂಡ್‌ಸೆಟ್ಟಿನೋರೇನಪ್ಪ?” ಎಂದರು.

ಜನ ನಕ್ಕರು. ಜಗಳ ಮಾತ್ರ ಅಲ್ಲಿಗೆ ಮುಗಿಯಲಿಲ್ಲ. ದೇವರು ಗುಡಿ ಸೇರಿದ ಮೇಲೆ ಟೀ ಅಂಗಡಿಯ ಮುಂದೆ ಎರಡು ಪಕ್ಷವಾಯಿತು. ಕುಣಿತ, ಬಡಿತ ಇಷ್ಟೇ ವೀರಗಾಸೆ, ನಡುವೆ ಮಾತು ಬಂದರೆ ಏರಿದ ಕಾವು ಇಳಿಯುತ್ತದೆ ಎಂದು ಒಂದು ಪಕ್ಷ. ಮಾತಿಗಾಗಿಯೇ ಕುಣಿತ ಇರುವುದು, ಮಾತು ತೆಗೆದರೆ ವೇಷ ಕಳಚಿಟ್ಟು ಮನೆಗೆ ಹೋಗಬಹುದು ಎಂದು ಇನ್ನೊಂದು. ನಾನು ಕೊನೆಯ ಬಸ್ಸು ತಪ್ಪಿಸಿಕೊಂಡು ಕೇಳುತ್ತ ಕೂತೆ. ಅಂದು ತಲೆ ಹೊಕ್ಕ ಹುಳು ಇನ್ನೂ ಹೊರಬಂದಿಲ್ಲ.

ವೀರಗಾಸೆ ಕಾಣದವರು ನಮ್ಮ ಕಡೆ ಯಾರೂ ಇಲ್ಲ. ವೀರನ ಕಾಸೆ ಕಟ್ಟಿದ್ದಕ್ಕೆ ಆ ಹೆಸರು. ತಲೆಗೆ ಬಿಳಿಯ ಚೌರಿ, ಹಣೆ ತುಂಬ ವಿಭೂತಿ, ಕೊರಳಿಗೆ ನಾಗಾಭರಣ ಮತ್ತು ರುದ್ರಾಕ್ಷಿ, ಎದೆಗೆ ವೀರಭದ್ರನ ಹಲಗೆ, ಸೊಂಟಕ್ಕೆ ಗಂಟೆ, ಕಾಲಿಗೆ ಗೆಜ್ಜೆ, ಬಲಗೈಯಲ್ಲಿ ಖಡ್ಗ. ಶ್ರಾವಣ, ಕಾರ್ತಿಕಗಳಲ್ಲಿ, ಜಾತ್ರೆಗಳಲ್ಲಿ, ವೀರಶೈವರ ಮನೆಯ ಮದುವೆಯ ಗುಗ್ಗಳದಲ್ಲಿ ಇವರು ಮುಂದೆ ನಡೆಯಬೇಕು. ಇಬ್ಬರಿದ್ದರೂ ಕುಣಿತವಾಗುತ್ತದೆ, ಮೂವತ್ತು ಮಂದಿ ಸೇರಿದರೂ ಸಾಲು ಕಟ್ಟುತ್ತದೆ. ಇದು ಎಲ್ಲರ ಕಣ್ಣಿಗೆ ಬೀಳುವ ಭಾಗ.

ಕಿವಿಗೆ ಬೀಳಬೇಕಾದದ್ದು ಒಡಪು. ಹಾಡಲ್ಲ, ಬರೀ ಗದ್ಯವೂ ಅಲ್ಲ. ಪ್ರಾಸ ಹಿಡಿದು, ಉಸಿರು ಕಟ್ಟಿ, ಒಂದೇ ಓಟದಲ್ಲಿ ಗುಡುಗುವ ಮಾತು. ಸುತ್ತಲಿನವರು ನಡುನಡುವೆ ಹೂಂಗುಟ್ಟಿ ಹುರುಪು ತುಂಬುತ್ತಾರೆ. ಕೊನೆಯ ಪದ ಬೀಳುವುದಕ್ಕೂ ಕರಡೆಯ ಮೇಲೆ ಕೋಲು ಬೀಳುವುದಕ್ಕೂ ಕೂದಲೆಳೆಯ ಅಂತರವಿರಬಾರದು. ಆ ಏಟಿಗೆ ಅಷ್ಟು ಬಲ ಬರುವುದು ಅದರ ಹಿಂದಿನ ಮೌನದಿಂದ, ಮೌನದೊಳಗಿನ ಮಾತಿನಿಂದ. ಉತ್ತರ ಕರ್ನಾಟಕದಲ್ಲಿ ವೀರಭದ್ರನ ವೇಷ ಹಾಕುವ ಪುರವಂತರದೂ ಇದೇ ಕ್ರಮ. ಅವರ ಒಡಪಿನಲ್ಲಿ ಶರಣರ ವಚನಗಳೂ ಬಂದು ಸೇರುತ್ತವೆ. ಒಡಪು ಎಂದರೆ ಒಗಟು ಎಂಬ ಅರ್ಥವೂ ಇದೆ. ಆ ಕಡೆ ಮದುವೆ ಮನೆಯಲ್ಲಿ ಹೆಣ್ಣುಮಕ್ಕಳು ಗಂಡನ ಹೆಸರು ಹುದುಗಿಸಿ ಹೇಳುವುದೂ ಒಡಪೇ.

ವೀರಗಾಸೆಯ ಒಡಪಿನಲ್ಲಿ ಹುದುಗಿರುವುದು ದಕ್ಷಯಜ್ಞ. ಕರೆಯದ ಯಜ್ಞಕ್ಕೆ ಹೋದ ದಾಕ್ಷಾಯಿಣಿ ಅವಮಾನ ತಾಳದೆ ಬೆಂಕಿಗೆ ಬೀಳುತ್ತಾಳೆ. ಶಿವನ ಜಡೆಯಿಂದ ವೀರಭದ್ರ ಹುಟ್ಟಿ ಯಜ್ಞಶಾಲೆಗೆ ನುಗ್ಗುತ್ತಾನೆ. ದಕ್ಷನ ತಲೆ ಹೋಗಿ ಟಗರಿನ ತಲೆ ಬರುತ್ತದೆ. ಪುರಾಣದ ಈ ಗಲಭೆಯಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು ಸಣ್ಣ ಪೆಟ್ಟು. ಸಭೆಯಲ್ಲಿ ಶಿವನ ನಿಂದೆ ನಡೆದಾಗ ಪೂಷನೆಂಬ ದೇವತೆ ಹಲ್ಲು ಕಿರಿದಿದ್ದನಂತೆ. ವೀರಭದ್ರ ಅವನ ಹಲ್ಲುಗಳನ್ನೇ ಉದುರಿಸಿದ. ಪೂಷನಿಗೆ ಅಂದಿನಿಂದ ಹಿಟ್ಟಿನ ನೈವೇದ್ಯವೇ ಗತಿ.

ಹಲ್ಲು ಎಂದ ಕೂಡಲೇ ನಮ್ಮ ನೆಲದ ಇನ್ನೊಂದು ಕಥೆ ನೆನಪಾಗದೆ ಇರದು. ಟೀ ಅಂಗಡಿಯ ಆ ಜಗಳದ ಬೇರನ್ನು ನಾನು ಕಂಡದ್ದೂ ಅಲ್ಲೇ.

ಹಳೇಬೀಡು ಇನ್ನೂ ದೋರಸಮುದ್ರವಾಗಿದ್ದ ಕಾಲ. ಹೊಯ್ಸಳರ ಆಸ್ಥಾನದಲ್ಲಿ ಹರಿಹರನೆಂಬ ಕರಣಿಕನಿದ್ದ. ಒಂದು ದಿನ ಲೆಕ್ಕ ಒಪ್ಪಿಸುತ್ತಿದ್ದವನು ಇದ್ದಕ್ಕಿದ್ದಂತೆ ಕೈ ಕೈ ಉಜ್ಜತೊಡಗಿದನಂತೆ. ಏನೆಂದು ಕೇಳಿದರೆ, ಹಂಪೆಯ ವಿರೂಪಾಕ್ಷನ ಪರದೆಗೆ ಬೆಂಕಿ ಹತ್ತಿದೆ, ಆರಿಸುತ್ತಿದ್ದೇನೆ ಎಂದ. ವಿಚಾರಿಸಿದರೆ ನಿಜವಾಗಿತ್ತು. ಕರಣಿಕನ ಕೆಲಸ ಬಿಟ್ಟು ಹಂಪೆಗೆ ಹೋದವನು ರಗಳೆಯ ಕವಿಯಾದ. ಅವನ ಸೋದರಳಿಯ, ಶಿಷ್ಯ ರಾಘವಾಂಕ. ಷಟ್ಪದಿಗೆ ಕನ್ನಡದಲ್ಲಿ ಸಿಂಹಾಸನ ಹಾಕಿಕೊಟ್ಟವನು. ರಾಘವಾಂಕ ಹರಿಶ್ಚಂದ್ರನ ಕಾವ್ಯ ಬರೆದು ಹಂಪೆಯ ದೊರೆ ದೇವರಾಜನ ಸಭೆಯಲ್ಲಿ ಓದಿ ಮೆಚ್ಚುಗೆ ಪಡೆದ. ಗುರುವಿನ ಮುಂದೆ ಬಂದಾಗ ಮಾತ್ರ ಎಡವಟ್ಟಾಯಿತು. ಶಿವನನ್ನು ಬಿಟ್ಟು ನರನನ್ನು ಹೊಗಳಿದೆಯಾ ಎಂದು ಹರಿಹರ ಹಾವುಗೆಯಲ್ಲಿ ಹೊಡೆದ. ಶಿಷ್ಯನ ಐದು ಹಲ್ಲು ಉದುರಿದವು.

ಆಮೇಲೆ ರಾಘವಾಂಕ ಶಿವಪರವಾದ ಐದು ಕೃತಿಗಳನ್ನು ಬರೆದ, ಹೋದ ಹಲ್ಲುಗಳು ಮರಳಿ ಬಂದವು ಎನ್ನುತ್ತದೆ ಐತಿಹ್ಯ. ಆ ಐದರಲ್ಲಿ ಒಂದು ‘ವೀರೇಶ ಚರಿತೆ’. ಉದ್ದಂಡ ಷಟ್ಪದಿಯಲ್ಲಿ ಹೇಳಿದ ವೀರಭದ್ರನ ಕಥೆ, ಅದೇ ದಕ್ಷಯಜ್ಞ. ದೇವತೆಯೊಬ್ಬನ ಹಲ್ಲು ಮುರಿದ ಕಥೆ ಹೇಳಿ ಕವಿ ತನ್ನ ಹಲ್ಲು ಪಡೆದ! ಕೊನೆಗಾಲಕ್ಕೆ ರಾಘವಾಂಕ ಬೇಲೂರಿಗೆ ಬಂದನೆಂಬ ಹೇಳಿಕೆಯೂ ಉಂಟು. ಹಲ್ಲಿನ ಕಥೆಯನ್ನು ಪಂಡಿತರು ನಂಬುವುದಿಲ್ಲ, ಬಿಡಿ. ನನಗೆ ಬೇಕಾದದ್ದು ಅದರ ತಿರುಳು. ಬಾಯಲ್ಲಿ ಯಾವ ಮಾತು ಬರಬೇಕು ಎಂಬುದಕ್ಕೆ ಗುರುಶಿಷ್ಯರು ಹೊಡೆದಾಡಿದ ನೆಲ ಇದು. ಒಡಪಿನ ಮಾತೆಲ್ಲ ರಾಘವಾಂಕನಿಂದ ಇಳಿದು ಬಂತು ಎಂದು ವಾದಿಸುವುದಿಲ್ಲ. ಆದರೆ ಕಥೆ ಒಂದೇ, ಅದನ್ನು ಹೇಳಬೇಕಾದ ಗಂಟಲೂ ಒಂದೇ ಬಗೆಯದು. ಉದ್ದಂಡ ಷಟ್ಪದಿಯನ್ನು ಒಮ್ಮೆ ಗಟ್ಟಿಯಾಗಿ ಓದಿ ನೋಡಿ, ಕೈ ತಾನಾಗಿಯೇ ಖಡ್ಗ ಹುಡುಕುತ್ತದೆ.

ಇದೇ ನೆಲದ ಕಲ್ಲಿನಲ್ಲೂ ವಾದ್ಯವಿದೆ. ಬೇಲೂರಿನ ಗುಡಿ 1117ರದು, ಹಳೇಬೀಡಿನದು 1121ರಲ್ಲಿ ಶುರುವಾದದ್ದು, ಅರಸೀಕೆರೆಯ ಶಿವಾಲಯ 1220ರದು. ಬೇಲೂರು, ಹಳೇಬೀಡುಗಳ ಗೋಡೆಗಳ ಮುಂದೆ ನಿಂತು ಎಣಿಸುತ್ತ ಹೋದರೆ ಮದ್ದಳೆಯವರೇ ಎಷ್ಟು ಮಂದಿ! ಕುಣಿಯುವ ಹೆಣ್ಣಿನ ಕಾಲ ಬಳಿ, ದೇವರ ಪಕ್ಕದಲ್ಲಿ, ಬಳ್ಳಿಯ ಸುತ್ತಿನೊಳಗೆ ಬೆರಳು ಬಾಗಿಸಿ ಬಾರಿಸುತ್ತ ಕೂತಿದ್ದಾರೆ. 2023ರಲ್ಲಿ ಯುನೆಸ್ಕೊ ಬೇಲೂರು, ಹಳೇಬೀಡಿನ ಗುಡಿಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕಲ್ಲಿನ ಮದ್ದಳೆಗೆ ಕಾವಲು ಸಿಕ್ಕಿತು. ಆ ಮದ್ದಳೆ ನಿಂತಾಗ ಯಾರೋ ಏನೋ ಹೇಳಿದ್ದಿರಬೇಕಲ್ಲ, ಅದನ್ನು ಯಾವ ಉಳಿಯೂ ಕೆತ್ತಲಾರದು.

ನಮ್ಮ ಟೀ ಅಂಗಡಿಯ ಜಗಳ ನಮ್ಮದು ಮಾತ್ರ ಎಂದುಕೊಂಡಿದ್ದೆ. ಅಮೆರಿಕದಲ್ಲೂ ನಡೆದಿದೆ. ಅಲ್ಲಿ ಡ್ರಮ್ ಕೋರ್ ಎಂಬ ಪ್ರಕಾರವಿದೆ. ನೂರೈವತ್ತರಷ್ಟು ಹುಡುಗ ಹುಡುಗಿಯರು ಡ್ರಮ್ಮು, ಕಹಳೆ ಹಿಡಿದು ಫುಟ್‌ಬಾಲ್ ಮೈದಾನದಲ್ಲಿ ಸಾಲು ಬದಲಿಸುತ್ತ ನುಡಿಸುತ್ತಾರೆ; ಬೇಸಿಗೆಯಿಡೀ ಸ್ಪರ್ಧೆ. 2004ರಲ್ಲಿ ಆ ಸ್ಪರ್ಧೆಗಳಿಗೆ ಮೈಕು ಬಿಟ್ಟುಕೊಂಡರು. ಮೈಕಿನ ಹಿಂದೆಯೇ ಮಾತೂ ಬಂತು. ‘ದಿ ಕೆಡೆಟ್ಸ್’ ಎಂಬ ಹಳೆಯ ತಂಡ 2006ರಲ್ಲಿ ಮಕ್ಕಳ ಪುಸ್ತಕದ ಆಲಿಸ್ ಎಂಬ ಹುಡುಗಿಯ ಕಥೆಯನ್ನು ಮಾತಿನಲ್ಲೂ ಹೇಳಿಸಿತು. ಮರುವರ್ಷ ತಂಡದ ಹುಡುಗರಿಂದಲೇ ಅವರವರ ನಂಬಿಕೆಗಳನ್ನು ಮೈಕಿನಲ್ಲಿ ಆಡಿಸಿತು. ಅಭಿಮಾನಿಗಳು ಸಿಡಿದೆದ್ದರು. ನಾವು ಬಂದದ್ದು ಡ್ರಮ್ಮು ಕೇಳಲಿಕ್ಕೆ, ಭಾಷಣಕ್ಕಲ್ಲ ಎಂದರು ಕೆಲವರು. ಕಥೆ ತಿಳಿದರೆ ನಾದಕ್ಕೆ ಅರ್ಥ ಬರುತ್ತದೆ ಎಂದರು ಇನ್ನು ಕೆಲವರು. ಜಾವಗಲ್ ದಾರಿಯ ಜಗಳವೇ, ತಲೆಕೆಳಗಾಗಿ. ಅಲ್ಲಿ ಮೈಕು ಬಂದು ಮಾತು ಬಂತು. ನಮ್ಮಲ್ಲಿ ಮೈಕು ಬಂದು ಮಾತು ಹೋಯಿತು.

ಹೋದದ್ದು ಹೀಗೆ. ಊರ ಗುಡಿಯ ಮುಂದೆ ಇರುಳೆಲ್ಲ ಪುರುಸೊತ್ತಿತ್ತು. ಕುಣಿತ ಊರು ಬಿಟ್ಟು ಮೆರವಣಿಗೆ ಸೇರಿದಾಗ ನಿಲ್ಲುವುದಕ್ಕೆ ಜಾಗವಿಲ್ಲವಾಯಿತು. ಮೈಸೂರು ದಸರೆಯ ಜಂಬೂ ಸವಾರಿಯಲ್ಲಿ ಹಿಂದಿನಿಂದ ಆನೆ ಬರುತ್ತಿರುವಾಗ ಖಡ್ಗ ಎತ್ತಿ ವಾದ್ಯ ನಿಲ್ಲಿಸಲಾದೀತೇ? ಮೆರವಣಿಗೆಯಿಂದ ವೇದಿಕೆಗೆ ಬಂದಾಗ ಗಡಿಯಾರ ಎದುರಾಯಿತು. ಪ್ರತಿ ತಂಡಕ್ಕೆ ಇಷ್ಟೇ ನಿಮಿಷ. ಏನನ್ನು ಕತ್ತರಿಸುವುದು? ಚಪ್ಪಾಳೆ ಬೀಳುವುದು ಹೆಜ್ಜೆಗೆ, ಬಡಿತಕ್ಕೆ. ಕತ್ತರಿ ಒಡಪಿಗೇ ಬಿತ್ತು. ಅಪ್ಪನಿಂದ ಮಗನಿಗೆ ಬಾಯಿಂದ ಬಾಯಿಗೆ ಬರುತ್ತಿದ್ದ ಮಾತು, ಹೇಳುವ ಸಂದರ್ಭವೇ ಇಲ್ಲವೆಂದ ಮೇಲೆ ಮಗ ಯಾಕೆ ಕಲಿತಾನು? ಹೆಜ್ಜೆಯನ್ನು ಮೂರು ತಿಂಗಳಲ್ಲಿ ಕಲಿಸಬಹುದು. ಒಡಪಿಗೆ ನೆನಪು ಬೇಕು, ಉಸಿರು ಬೇಕು, ಯಾರಾದರೂ ತಿರುಗಿ ಕೇಳಿದರೆ ಉತ್ತರ ಕೊಡುವ ಎದೆಯೂ ಬೇಕು.

ಕೆಲವು ವರ್ಷಗಳ ಹಿಂದೆ ಒಂದು ದೊಡ್ಡ ಉತ್ಸವದ ವೇದಿಕೆಯಲ್ಲಿ ಕಂಡದ್ದನ್ನು ಹೇಳದಿದ್ದರೆ ನನ್ನ ಸಿಟ್ಟು ಇಳಿಯದು. ತಂಡಕ್ಕೆ ಕೊಟ್ಟದ್ದು ಎಂಟು ನಿಮಿಷ. ಒಡಪು ಬೇಡ ಎಂದು ಮೊದಲೇ ತಾಕೀತಾಗಿತ್ತು. ಅವರು ಸುಮ್ಮನೆ ಕುಣಿದರು. ಕುಣಿಯುತ್ತಿರುವಾಗಲೇ ರೇಷ್ಮೆ ಸೀರೆಯ ನಿರೂಪಕಿಯೊಬ್ಬರು ಮೈಕು ಹಿಡಿದು, ಕೈಯಲ್ಲಿದ್ದ ಚೀಟಿ ನೋಡಿಕೊಂಡು, ವೀರಭದ್ರ ಹೇಗೆ ಹುಟ್ಟಿದ, ದಕ್ಷನ ಯಜ್ಞ ಹೇಗೆ ಕೆಟ್ಟಿತು ಎಂದು ವಿವರಿಸಿದರು. ಕರಡೆಯ ಮೇಲೆ ಅವರ ದನಿ, ಅವರ ದನಿಯ ಮೇಲೆ ಕರಡೆ. ಎರಡೂ ಕೇಳಿಸಲಿಲ್ಲ. ಖಡ್ಗ ಹಿಡಿದು ಕುಣಿಯುತ್ತಿದ್ದವರ ಬಾಯಲ್ಲಿ ಇದ್ದ ಕಥೆಯನ್ನು ಕಿತ್ತು ಚೀಟಿಗೆ ಹಾಕಿ ಓದಿಸಿದ ಹಾಗಾಯಿತು. ಹಾವುಗೆಯ ಪೆಟ್ಟು ಇಲ್ಲದೆಯೇ ಹಲ್ಲು ಉದುರಿಸುವ ದಾರಿ ಇದು.

ಮಾತು ಬಿಟ್ಟು ಕಲೆ ಕಟ್ಟಬಾರದೆಂದಲ್ಲ. ಶಿವರಾಮ ಕಾರಂತರು ಯಕ್ಷಗಾನದಿಂದ ಅರ್ಥಗಾರಿಕೆಯನ್ನು ತೆಗೆದು, ಪಿಟೀಲು, ಸ್ಯಾಕ್ಸೊಫೋನ್ ಸೇರಿಸಿ, ಮಾತಿಲ್ಲದ ಬ್ಯಾಲೆ ಮಾಡಿದರು. ಕನ್ನಡ ಬಾರದವರ ಮುಂದೆಯೂ ಅದು ನಿಂತಿತು. ಮಾತೇ ಯಕ್ಷಗಾನದ ಜೀವ ಎಂದವರು ಕಾರಂತರ ಮೇಲೆ ಮುಗಿಬಿದ್ದರು. ಕಾರಂತರೂ ಬಿಟ್ಟುಕೊಡುವ ಆಳಲ್ಲ. ಆದರೆ ಅವರು ಮಾಡಿದ್ದನ್ನು ಕಣ್ಣು ತೆರೆದು ಮಾಡಿದರು, ಅದಕ್ಕೆ ಬ್ಯಾಲೆ ಎಂಬ ಬೇರೆ ಹೆಸರನ್ನೂ ಕೊಟ್ಟರು. ಒಡಪಿನ ವಿಷಯದಲ್ಲಿ ಹೀಗೆ ಯಾರೂ ಕೂತು ತೀರ್ಮಾನಿಸಲಿಲ್ಲ, ಯಾರೂ ಹೊಡೆದಾಡಲಿಲ್ಲ. ಸಮಯ ಇಲ್ಲ ಎಂಬ ಎರಡೇ ಪದಕ್ಕೆ ಅದು ಸವೆದುಹೋಗುತ್ತಿದೆ.

ಬೇಡ ಎನ್ನುವವರ ಮಾತಿನಲ್ಲೂ ಹುರುಳಿದೆ. ಒಡಪು ಉದ್ದವಾಗಿ ಬೇಸರ ತರಿಸಿದ ಇರುಳುಗಳನ್ನು ನಾನೂ ಕಂಡಿದ್ದೇನೆ. ಹಲಬರಿಗೆ ಅರ್ಥವಾಗದ ಪದಗಳೂ ಅದರಲ್ಲಿ ಇವೆ. ಈಗ ಹೆಣ್ಣುಮಕ್ಕಳ ವೀರಗಾಸೆ ತಂಡಗಳು ಬಂದಿವೆ. ಅವರ ಹೆಜ್ಜೆಯಲ್ಲಿ ಗಂಡಸರನ್ನು ನಾಚಿಸುವ ಬಿರುಸಿದೆ. ಅವರು ಒಡಪನ್ನು ಹೊಸದಾಗಿ, ಚಿಕ್ಕದಾಗಿ ಕಟ್ಟಿದರೆ ನನ್ನ ತಕರಾರಿಲ್ಲ. ದಾಕ್ಷಾಯಿಣಿಯ ಅವಮಾನವನ್ನು ಹೆಣ್ಣುದನಿಯಲ್ಲಿ ಕೇಳುವುದು ಬೇರೆಯದೇ ಒಡಪಾದೀತು. ಬದಲಾಗಲಿ, ಇರಲಿ.

ಕಾರ್ಯಕ್ರಮ ನಡೆಸುವವರಲ್ಲಿ ಒಂದೇ ಕೋರಿಕೆ. ವೀರಗಾಸೆಗೆ ಎಂಟು ನಿಮಿಷ ಕೊಡುವುದಾದರೆ ಅದರಲ್ಲಿ ಎರಡು ನಿಮಿಷ ಒಡಪಿಗೆ ಬಿಡಿ. ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಳ್ಳಿ. ಆ ಮೈಕನ್ನು ಒಯ್ದು ಖಡ್ಗ ಹಿಡಿದವರ ಬಾಯಿಗೆ ಹಿಡಿಯಿರಿ. ಕಥೆ ಅವರಿಗೆ ಗೊತ್ತಿದೆ.

ಅಂದು ಜಾವಗಲ್ ದಾರಿಯ ಊರಿನಲ್ಲಿ ಆ ಹಿರಿಯರು ಹುಡುಗನ ಕೂಗಿಗೆ ಜಗ್ಗದೆ ಒಡಪನ್ನು ಪೂರ್ತಿ ಹೇಳಿಯೇ ಖಡ್ಗ ಇಳಿಸಿದರು. ಅವರ ಬಾಯಲ್ಲಿ ಮುಂದಿನ ಮೂರು ಹಲ್ಲು ಇರಲಿಲ್ಲ. ಒಂದು ಅಕ್ಷರವೂ ಜಾರಲಿಲ್ಲ.