ಬ್ರಹ್ಮಗಿರಿ: ಅಕ್ಷರಗುಂಡಿನ ಕೆಳಗಿನ ಊರು

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಬಯಲಿನಿಂದ ಸುಮಾರು 600 ಅಡಿ ಎದ್ದಿರುವ ಗ್ರಾನೈಟ್ ಗುಡ್ಡ. ಕೊಡಗಿನ ಹಸಿರು ಬ್ರಹ್ಮಗಿರಿಗೂ ಇದಕ್ಕೂ ಹೆಸರೊಂದೇ ಸಾಮ್ಯ. ಇಲ್ಲಿರುವುದು ಬಂಡೆ ಮತ್ತು ಕುರುಚಲು. ಪಕ್ಕದಲ್ಲಿ ಸಿದ್ದಾಪುರ, ರೊಪ್ಪ. ಆಚೆಗೆ, ಜಟಾಯು ಬಿದ್ದ ಜಾಗವೆಂದು ಸ್ಥಳಪುರಾಣ ಹೇಳುವ ಜಟಿಂಗ ರಾಮೇಶ್ವರ ಬೆಟ್ಟ.

ಗುಡ್ಡದ ಬುಡದ ಒಂದು ಬಂಡೆಗೆ ಊರವರು ಅಕ್ಷರಗುಂಡು ಎನ್ನುತ್ತಿದ್ದರು. 1892ರಲ್ಲಿ ಬಿ.ಎಲ್. ರೈಸ್ ಅದರ ಮೇಲಿನ ಬರಹ ಅಶೋಕನ ಕಾಲದ ಶಾಸನವೆಂದು ಗುರುತಿಸಿದರು. ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲೂ ಅದೇ ಪಾಠ ಸಿಕ್ಕಿತು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ (ರಾಜಕುಮಾರ) ಮತ್ತು ಮಹಾಮಾತ್ರರು (ಹಿರಿಯ ಅಧಿಕಾರಿಗಳು) ಇಸಿಲದ ಮಹಾಮಾತ್ರರ ಕುಶಲ ಕೇಳಿ ರಾಜಾಜ್ಞೆಯನ್ನು ತಿಳಿಸುತ್ತಾರೆ: ತಂದೆತಾಯಿಯ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯ ನುಡಿಯಬೇಕು. ಇಸಿಲ ಎಂಬ ಪಟ್ಟಣ ಈ ಗುಡ್ಡದ ಬುಡದಲ್ಲೇ ಇತ್ತೆಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಉಪದೇಶಕ್ಕಿಂತ ಕುತೂಹಲಕರವಾದದ್ದು ಕೊನೆಯ ಸಾಲು. ಬರೆದವನು ಚಪಡ ಎಂದು ಬ್ರಾಹ್ಮಿಯಲ್ಲಿ ಹೇಳಿ, ‘ಲಿಪಿಕಾರ’ ಎಂಬರ್ಥದ ಪದವನ್ನು ಮಾತ್ರ ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಕೆತ್ತಲಾಗಿದೆ. ಅದು ಗಾಂಧಾರದ ಕಡೆಯ ಲಿಪಿ. ಬರಹಗಾರನಿಗೆ ವಾಯವ್ಯದ ನಂಟಿತ್ತು, ಅದನ್ನು ತೋರಿಸಿಕೊಳ್ಳುವ ಚಪಲವೂ ಇತ್ತೇನೋ.

ಶಾಸನದಿಂದ ಗಮನ ಮಣ್ಣಿನ ಕಡೆಗೆ ತಿರುಗಿತು. ಮೈಸೂರು ಪುರಾತತ್ತ್ವ ಇಲಾಖೆಯ ಎಂ.ಎಚ್. ಕೃಷ್ಣ ಅವರು 1940ರ ದಶಕದ ಆರಂಭದಲ್ಲಿ ಇಲ್ಲಿ ಅಗೆಸಿದರು. 1947ರಲ್ಲಿ ಭಾರತೀಯ ಪುರಾತತ್ತ್ವ ಇಲಾಖೆಯ ಮಹಾನಿರ್ದೇಶಕ ಮಾರ್ಟಿಮರ್ ವೀಲರ್ ಬಂದರು. ಅವರು ಪದರ ಪದರವಾಗಿ ಇಳಿದಾಗ ಮೂರು ಸಂಸ್ಕೃತಿಗಳು ಸಿಕ್ಕವು. ಎಲ್ಲಕ್ಕಿಂತ ಕೆಳಗೆ ನಯಗೊಳಿಸಿದ ಕಲ್ಲುಕೊಡಲಿಗಳ ಜನ. ಅದರ ಮೇಲೆ ಕಬ್ಬಿಣ ಬಲ್ಲ, ಕಪ್ಪು-ಕೆಂಪು ಮಡಕೆ ಬಳಸುತ್ತಿದ್ದ, ಚಪ್ಪಡಿಗಳ ಸಮಾಧಿ ಕಟ್ಟುತ್ತಿದ್ದ ಬೃಹತ್ ಶಿಲಾಯುಗದವರು. ಮೇಲಿನದು ಶಾತವಾಹನರ ಕಾಲದ್ದು. ಬೃಹತ್ ಶಿಲಾಯುಗದವರು ಸಮಾಧಿಯ ಚಪ್ಪಡಿಯೊಂದರಲ್ಲಿ ದುಂಡನೆಯ ಕಿಂಡಿ ಕೊರೆದು, ಸುತ್ತ ಕಲ್ಲುಗಳ ವೃತ್ತ ನಿಲ್ಲಿಸುತ್ತಿದ್ದರು.

ದಕ್ಷಿಣ ಭಾರತದ ಪ್ರಾಗಿತಿಹಾಸಕ್ಕೆ ಕ್ರಮಬದ್ಧವಾದ ಸರಣಿ ದೊರೆತದ್ದು ಇಲ್ಲಿಂದ. ಆದರೆ ವೀಲರ್ ಕೊಟ್ಟ ಕಾಲಮಾನ ಉಳಿಯಲಿಲ್ಲ. ಕಲ್ಲುಕೊಡಲಿಯ ಕಾಲ ಕ್ರಿ.ಪೂ. 200ರ ಸುಮಾರಿನವರೆಗೂ ನಡೆಯಿತೆಂದು ಅವರು ಎಣಿಸಿದ್ದರು. ಹಾಗಾದರೆ ಅಶೋಕನ ಅಧಿಕಾರಿಗಳು ಕಲ್ಲುಕೊಡಲಿ ಹಿಡಿದವರ ನಡುವೆ ಶಾಸನ ಕೆತ್ತಿಸಿದಂತಾಗುತ್ತದೆ. ಮುಂದೆ ದಕ್ಷಿಣದ ಇತರ ನೆಲೆಗಳ ರೇಡಿಯೋಕಾರ್ಬನ್ ಪರೀಕ್ಷೆಗಳು ಆ ಜನರನ್ನು ಕ್ರಿ.ಪೂ. 3ನೆಯ ಸಹಸ್ರಮಾನಕ್ಕೆ ಒಯ್ದವು. ಚಪಡ ಉಳಿ ಹಿಡಿಸುವ ಹೊತ್ತಿಗೆ ಈ ಸೀಮೆಯವರಿಗೆ ಕಬ್ಬಿಣ ಶತಮಾನಗಳ ಪರಿಚಯವಾಗಿತ್ತು.