ಷರತ್ತು ಹಾಕಿದ ಆಯಾ, ಹಾಕದ ಆಯಾ!

ಬೆಳ್ಳಿತೆರೆಯ ಆಯಾ ಅಂದರೆ ನಮಗೆ ಗೊತ್ತಿರುವುದಿಷ್ಟು: ಕೈಯಲ್ಲೊಂದು ಹಾಲಿನ ಬಾಟ್ಲಿ, ಇಂಟರ್‌ವಲ್‌ಗೆ ಮುಂಚೆ ಒಂದು ಅಳು, ಕ್ಲೈಮ್ಯಾಕ್ಸಿನಲ್ಲೊಂದು ರಹಸ್ಯ! ಅವಳಿಗೆ ಸಂಬಳ ಎಷ್ಟು, ರಜೆ ಯಾವತ್ತು ಅಂತ ಕೇಳಿದ ಡೈರೆಕ್ಟರುಗಳು ಕಮ್ಮಿ. ಆದರೆ ಎರಡು ಚಿತ್ರಗಳಿವೆ, ಮಿತ್ರರೇ. ಒಂದು ಬಣ್ಣದ್ದು, ಒಂದು ಕಪ್ಪು ಬಿಳುಪಿನದು.

ಬಣ್ಣದ್ದು 1964ರ 'ಮೇರಿ ಪಾಪಿನ್ಸ್'. ಕೊಡೆ ಹಿಡಿದು ಆಕಾಶದಿಂದ ಇಳಿಯುವ ಆಯಾ ಎಂದೇ ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ. ಆದರೆ ಆ ಇಂಟರ್‌ವ್ಯೂ ದೃಶ್ಯ ನೋಡಬೇಕು! 1910ರ ಲಂಡನ್ನು. ಬ್ಯಾಂಕಿನಲ್ಲಿ ದೊಡ್ಡ ಕೆಲಸದ ಅಪ್ಪನಿಗೆ ಶಿಸ್ತಿನ ಆಯಾ ಬೇಕು. ಮಕ್ಕಳೇ ಬೇರೆ ಜಾಹೀರಾತು ಬರೆಯುತ್ತಾರೆ: ನಗುಮುಖ ಇರಬೇಕು, ಆಟ ಆಡಿಸಬೇಕು. ಅಪ್ಪ ಅದನ್ನು ಹರಿದು ಒಲೆಗೆ ಎಸೀತಾನೆ. ಮಾರನೇ ದಿನ ಮೇರಿ ಅದೇ ಹರಿದ ಚೀಟಿ ಕೈಯಲ್ಲಿ ಹಿಡಿದು ಬಂದು ನಿಲ್ತಾಳೆ! ಹಿಂದಿನ ಮನೆಯವರ ಶಿಫಾರಸು ಪತ್ರ ಎಲ್ಲಿ ಅಂದರೆ, ನಾನು ಅದನ್ನೆಲ್ಲ ಕೊಡೋದಿಲ್ಲ ಅಂತಾಳೆ. ಎರಡು ವಾರಕ್ಕೊಂದು ಮಂಗಳವಾರ ರಜೆ ಬೇಕು ಅಂತಾಳೆ. ಕೊನೆಗೆ, ಒಂದು ವಾರ ನೋಡ್ತೀನಿ, ಆಮೇಲೆ ಹೇಳ್ತೀನಿ ಅನ್ನೋಳೂ ಅವಳೇ! ಯಜಮಾನ ಬಾಯಿ ಬಿಟ್ಟುಕೊಂಡು ನಿಂತಿರ್ತಾನೆ. ನಗು ಬರುತ್ತೆ. ಆದರೆ ಕೆಲಸಕ್ಕೆ ಸೇರುವಾಗ ಆಡಬೇಕಾದ ಮಾತೆಲ್ಲ ಆ ಎರಡು ನಿಮಿಷದಲ್ಲಿದೆ.

ತಾರೆ ಜೂಲಿ ಆಂಡ್ರ್ಯೂಸ್‌ಗೆ ಅದು ಮೊದಲ ಚಿತ್ರ. ವಾಲ್ಟ್ ಡಿಸ್ನಿ ಅವಕಾಶ ಕೊಟ್ಟಾಗ ಆಕೆ ಗರ್ಭಿಣಿ. ಪರವಾಗಿಲ್ಲ, ಹೆರಿಗೆ ಆಗೋವರೆಗೆ ಕಾಯ್ತೀವಿ ಅಂದರಂತೆ ಡಿಸ್ನಿ. ಕಾದರು. 1965ರಲ್ಲಿ ಆಕೆ ಶ್ರೇಷ್ಠ ನಟಿ ಆಸ್ಕರ್ ಬಾಚಿಕೊಂಡಳು!

ಇನ್ನು ಕಪ್ಪು ಬಿಳುಪಿನದು. 2018ರ 'ರೋಮಾ'. ಡೈರೆಕ್ಟರ್ ಅಲ್ಫೋನ್ಸೊ ಕ್ವಾರೋನ್ ತನ್ನನ್ನು ಸಾಕಿದ ಆಯಾ ಲಿಬೋಳ ನೆನಪಿನಿಂದ ಕಟ್ಟಿ, ಅವಳಿಗೇ ಅರ್ಪಿಸಿದ ಕಥೆ. 1970ರ ಆಸುಪಾಸಿನ ಮೆಕ್ಸಿಕೋ ನಗರ. ಆಯಾ ಕ್ಲಿಯೋ ಪಾತ್ರಕ್ಕೆ ಬಂದವಳು ಯಲಿತ್ಸಾ ಅಪಾರಿಸಿಯೋ. ಟೀಚರ್ ಟ್ರೇನಿಂಗ್ ಮುಗಿಸಿದ್ದ ಹುಡುಗಿ, ಅದಕ್ಕೆ ಮುಂಚೆ ಒಂದು ಚಿತ್ರದಲ್ಲೂ ನಟಿಸಿದವಳಲ್ಲ. ಸೀದಾ ಆಸ್ಕರ್ ನಾಮಿನೇಷನ್!

ಕ್ಲಿಯೋ ಷರತ್ತು ಹಾಕಿದವಳಲ್ಲ. ಮನೆಯವರೆಲ್ಲ ಟಿ.ವಿ. ನೋಡ್ತಿದ್ದಾರೆ. ಅವಳೂ ಸೋಫಾದ ಪಕ್ಕ ನೆಲದ ಮೇಲೆ ಕೂರ್ತಾಳೆ. ಮಗು ಅವಳ ಹೆಗಲ ಮೇಲೆ ಕೈ ಹಾಕುತ್ತೆ. ಆಹಾ, ಮನೆ ಮಗಳ ಥರ ಅಂತ ನಾವು ಅಂದುಕೊಳ್ಳೋದರೊಳಗೆ ಯಜಮಾನರಿಗೆ ಟೀ ತರೋಕೆ ಅಪ್ಪಣೆ ಆಗುತ್ತೆ! ಹಾಗಂತ ಯಜಮಾನಿ ಕೆಟ್ಟವಳಲ್ಲ. ಗರ್ಭಿಣಿ ಅಂತ ಕ್ಲಿಯೋ ಹೇಳಿದ ಕೂಡಲೇ ಗೆಳೆಯ ಥಿಯೇಟರಿನಿಂದ ಎದ್ದುಹೋದವನು ವಾಪಸ್ ಬರಲಿಲ್ಲ. ಕೆಲಸದಿಂದ ತೆಗೀತೀರಾ ಅಂತ ಅವಳು ಅಳುತ್ತಾ ಕೇಳಿದಾಗ, ಸಮಾಧಾನ ಮಾಡಿ ಆಸ್ಪತ್ರೆಗೆ ಕರೆದುಕೊಂಡು ಹೋದವಳು ಅದೇ ಯಜಮಾನಿ. ಪ್ರೀತಿ ಇದೆ. ಆದರೂ ಹೆರಿಗೆ ದಿನ ಆಸ್ಪತ್ರೆಯವರು ಇವಳ ಹುಟ್ಟಿದ ದಿನ ಯಾವುದು ಅಂತ ಕೇಳಿದರೆ, ಮನೆಯ ಅಜ್ಜಿಗೆ ಗೊತ್ತಿಲ್ಲ! ಈಜು ಬಾರದ ಕ್ಲಿಯೋ ಸಮುದ್ರಕ್ಕಿಳಿದು ಮಕ್ಕಳನ್ನು ಉಳಿಸುತ್ತಾಳೆ. ಮನೆಗೆ ಬಂದ ಮೇಲೆ? ಬಾಳೆಹಣ್ಣಿನ ಮಿಲ್ಕ್‌ಶೇಕ್ ಮಾಡಿಕೊಡಬೇಕು.

ನಮ್ಮ ಕಡೇನೂ ಇದೇ ಕಥೆ. ನಿಮ್ಮಲ್ಲೂ ಕೆಲವರ ಅಕ್ಕನೋ ಅಮ್ಮನೋ ಬೆಂಗಳೂರಿನಲ್ಲಿ ಯಾರದೋ ಮಗು ಆಡಿಸ್ತಿರಬಹುದು. ನಾಳೆ ಮದುವೆಯಾಗಿ ನೀವೇ ಆಯಾ ಹುಡುಕಬಹುದು. ಮಗು ನೋಡ್ಕೊಂಡ್ರೆ ಸಾಕಮ್ಮಾ ಅಂತ ಶುರುವಾಗುತ್ತೆ. ಮೊದಲು ಮಗುವಿನ ಬಟ್ಟೆ, ಆಮೇಲೆ ಮನೆಯವರ ಬಟ್ಟೆ, ಆಮೇಲೆ ನೆಂಟರ ಕಾಫಿ ಲೋಟ. ಕೇಳಿದರೆ 'ಮನೆಯವಳ ಥರ ನೋಡ್ಕೊಂಡಿದ್ದೀವಲ್ಲ' ಅನ್ನೋ ಉತ್ತರ! ಯಾವ ಯಾವ ಕೆಲಸ, ಎಷ್ಟು ಗಂಟೆ, ಸಂಬಳ ಯಾವ ತಾರೀಖು, ಊರ ಜಾತ್ರೆಗೆ ಎಷ್ಟು ದಿನ ರಜೆ, ಅದಕ್ಕೆ ಸಂಬಳ ಮುರೀತಾರಾ ಇಲ್ಲವಾ... ಇದೆಲ್ಲ ಮೊದಲ ದಿನವೇ ಆಗಬೇಕಾದ ಮಾತು. ಒಂದು ವಾರ ನೋಡಿ ಅಂದರೆ ಆ ವಾರದ ದುಡ್ಡೂ ಕೊಡಬೇಕು. ತಪ್ಪಾದರೆ ಒಳಗೆ ಕರೆದು ಹೇಳಿ. ಮಗುವಿನ ಎದುರು ಬೈದರೆ, ನಾಳೆ ಆ ಮಗು ಅವಳ ಮಾತು ಕೇಳುತ್ತಾ?

ಕರ್ನಾಟಕ ಸರ್ಕಾರ ಮನೆಗೆಲಸಕ್ಕೆ ಕನಿಷ್ಠ ಕೂಲಿ ಗೊತ್ತು ಮಾಡಿದ್ದು 2004ರಲ್ಲಿ. ಎಷ್ಟು ಮನೆಗಳಿಗೆ ಈ ಸುದ್ದಿ ಮುಟ್ಟಿದೆಯೋ! ಮೆಕ್ಸಿಕೋದಲ್ಲಿ 'ರೋಮಾ' ಬಂದ ಹೊತ್ತಿಗೇ, 2018ರ ಡಿಸೆಂಬರಿನಲ್ಲಿ, ಮನೆಗೆಲಸದವರನ್ನು ಸಾಮಾಜಿಕ ವಿಮೆಯಿಂದ ಹೊರಗಿಡುವುದು ಸಂವಿಧಾನಕ್ಕೆ ವಿರುದ್ಧ ಎಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. 2019ರಲ್ಲಿ ಕಾರ್ಮಿಕ ಕಾನೂನೇ ಬದಲಾಯಿತು. ಚಿತ್ರದಿಂದಲೇ ಆಯ್ತು ಅನ್ನೋ ಹಾಗಿಲ್ಲ. ಅಲ್ಲಿಯ ಕೆಲಸದವರು ವರ್ಷಗಟ್ಟಲೆ ಹೋರಾಡಿದ್ದರು.

'ರೋಮಾ' ನೆಟ್‌ಫ್ಲಿಕ್ಸ್ ಚಿತ್ರ. ಎರಡೂಕಾಲು ಗಂಟೆ. ಡ್ಯುಯೆಟ್ ಇಲ್ಲ, ಹೀರೋ ಇಲ್ಲ, ಶುರುವಿನಲ್ಲಿ ಸುಮಾರು ಹೊತ್ತು ಬರೀ ನೆಲ ತೊಳೆಯೋದೇ ಕಾಣುತ್ತೆ. ಎದ್ದು ಹೋಗಬೇಡಿ. ಸಮುದ್ರದ ದೃಶ್ಯ ಬರೋದು ಕೊನೆಗೆ.